ಅತ್ತೆ ಕಂಡ ಬರೋಕ್

ನಮ್ಮ ಸೋದರತ್ತೆ ಯಾರ ಮುಖವನ್ನಾದರೂ ಮೊದಲು ನೋಡಿದ ದಾಖಲೆಯೇ ಇಲ್ಲ! ಅವರ ದೃಷ್ಟಿ ಕಾಲಿನಿಂದ ಮೇಲಕ್ಕೆ ಹತ್ತುತ್ತದೆ. ಮುಖ ತಲುಪುವಷ್ಟರಲ್ಲಿ ತೀರ್ಪು ಹೊರಬಿದ್ದಿರುತ್ತದೆ. ಮಗಳನ್ನು ನೋಡಲು ಮದ್ದೂರಿನಿಂದ ಬಂದ ವರನಿಗೆ ಕೇಳಿದ ಮೊದಲ ಮಾತು, "ಆ ಸಾಕ್ಸ್ ಬಿಚ್ಚಪ್ಪ, ನೋಡವ." ಬಿಚ್ಚಿದ. ಹಿಮ್ಮಡಿ ಒಡೆದಿತ್ತು, ಗೇಯುವವನ ಕಾಲು. ಅಲ್ಲೇ ತಾಂಬೂಲ!

ಇಂಥವರ ಕೈಗೆ, ಮದ್ದೂರು ಪಕ್ಕದ ಕೊಪ್ಪದ ಅವರ ಜಗಲಿಯಲ್ಲಿ, ನನ್ನ ಕಲಾ ಇತಿಹಾಸದ ಪುಸ್ತಕ ಸಿಕ್ಕಿತು. ಮಂಡ್ಯದಲ್ಲಿ ಚಿತ್ರಕಲೆ ಓದುತ್ತಿದ್ದ ನಾನು ಮೌಖಿಕ ಪರೀಕ್ಷೆಯಲ್ಲಿ ಒಮ್ಮೆ ಮುಗ್ಗರಿಸಿದ್ದೆ. ಚಿತ್ರ ತೋರಿಸಿ, ಯುರೋಪಿನ ಪುನರುಜ್ಜೀವನ ಕಾಲದ್ದೋ, ಅದರ ನಂತರದ ಬರೋಕ್ ಶೈಲಿಯದೋ ಎಂದರೆ, "ಎರಡರ ಮಧ್ಯದ್ದು ಸಾರ್" ಎಂದಿದ್ದೆ. ಅದೂ ಪರೀಕ್ಷಕರದೇ ಮೂಗುದನಿಯಲ್ಲಿ! ಈ ಸಲವೂ ಹೋದರೆ ಡಿಗ್ರಿಗೆ ಎಳ್ಳುನೀರು.

ಅವರೆಕಾಯಿ ಸುಲಿಯುತ್ತಲೇ ಅತ್ತೆ ಪುಟ ತಿರುಗಿಸಿದರು.

"ಏನ್ಲಾ, ಇವ್ರೆಲ್ಲ ಮದ್ವೆ ಫೋಟೋಕ್ಕೆ ನಿಂತಂಗವ್ರೆ! ಎಲ್ಲಾರ್ ಮೇಲೂ ಒಂದೇ ಬೆಳಕು. ಕಾಲು ನೋಡು, ಆಲಲ್ಲಿ ತೊಳ್ದಂಗವೆ."

ಪುನರುಜ್ಜೀವನ!

ಮುಂದಿನದರಲ್ಲಿ ಮುದುಕನೊಬ್ಬ ಮಂಡಿಯೂರಿದ್ದ. ಸುತ್ತ ಕಗ್ಗತ್ತಲು, ಬೆಳಕು ನೇರ ಅವನ ಕೊಳಕು ಅಂಗಾಲಿಗೆ.

"ಇವ ನಮ್ಮೋನು ಕಣ್ಲಾ! ಬ್ಯಾಟ್ರಿ ಬುಟ್ಟಂಗೆ ಬೆಳಕು ಬಿದ್ದದೆ. ನಾವು ಬಂದಿದ್ದೂ ಗೊತ್ತಿಲ್ದೆ ಅವನ ಪಾಡಿಗೆ ಅವ್ನವ್ನೆ."

ಬರೋಕ್!

ಅದಕ್ಕಿಂತ ಇನ್ನೂರು ವರ್ಷ ಈಚಿನ ಫ್ರೆಂಚ್ ಚಿತ್ರವೊಂದಕ್ಕೂ ನ್ಯಾಯ ಸಿಕ್ಕಿತು: "ಕಾಲೂ ನೀರೂ ಕಲಸೋಗದೆ. ಬರ್ದೋನಿಗೆ ಕನ್ನಡಕ ಕೊಡ್ಸಿ."

ಮೂರು ಸಲ ಓದಿದರೂ ಹತ್ತದ್ದು ಒಂದು ಮೊರ ಅವರೆಕಾಯಿ ಮುಗಿಯುವಷ್ಟರಲ್ಲಿ ತಲೆಗಿಳಿಯಿತು. ತಲೆ ಇತ್ತೆಂದು ಗೊತ್ತಾಗಿದ್ದೂ ಆಗಲೇ!

ಪರೀಕ್ಷೆಯ ದಿನ ಪರೀಕ್ಷಕರು ಹಿಡಿದದ್ದು ಹೆಣ್ಣೊಬ್ಬಳ ಎದೆಯಿಂದ ಮೇಲಿನ ಚಿತ್ರ. ಅಯ್ಯೋ, ಕಾಲೇ ಇಲ್ಲ! ಬೆವರಿದೆ. ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದರು? ಬಾಯಿ ತಾನಾಗಿಯೇ ಅವರ ದನಿ ಹಿಡಿಯಿತು:

"ಈವಮ್ಮನ್ನ ಯಾರೋ ಕೂಗವ್ರೆ, ಈಗ ತಾನೆ ತಿರುಗ್ತಾವ್ಳೆ. ಅರ್ಧ ಮುಖ ಬೆಳಕು, ಅರ್ಧ ಕತ್ಲು. ಫೋಟೋಕ್ಕೆ ನಿಂತಿಲ್ಲ. ಬರೋಕ್, ಸಾರ್!"

ಅವರು ಬಿದ್ದು ಬಿದ್ದು ನಕ್ಕು ಪಾಸು ಮಾಡಿದರು. "ಯಾರಯ್ಯ ಹೇಳಿಕೊಟ್ಟಿದ್ದು?"

"ನಮ್ಮತ್ತೆ, ಸಾರ್."

"ಎಲ್ಲಿ ಪಾಠ ಮಾಡ್ತಾರೆ?"

"ಪಾಠ ಅಲ್ಲ ಸಾರ್, ನಾಟಿ ಮಾಡ್ತಾರೆ" ಎಂದು ನಗಿಸಲು ಹೊರಟೆ. ಎಲ್ಲರ ದನಿಯನ್ನೂ ಕದಿಯುವ ನಾನು ಅದನ್ನು ಮಾತ್ರ ನನ್ನ ದನಿಯಲ್ಲೇ ಹೇಳಿದ್ದೆ. ಪರೀಕ್ಷಕರು ನಗಲಿಲ್ಲ. "ಅವರಿಗೆ ನನ್ನ ನಮಸ್ಕಾರ ಹೇಳು" ಎಂದರು.

ಆ ನಮಸ್ಕಾರ ಹೊತ್ತು ಕೊಪ್ಪದ ಬಸ್ಸು ಹತ್ತಿದೆ. ಜೊತೆಗೆ ನನ್ನದೂ ಒಂದಿತ್ತು.