ಪ್ರಶ್ನಾರ್ಥಕ ಚಿಹ್ನೆ ಇಲ್ಲದ ಗಂಡು

ಹತ್ತಿರದಲ್ಲೇ ವಿಮಾನ ನಿಲ್ದಾಣ ಬಂದು ಜಮೀನಿಗೆ ಬೆಲೆ ಏರಿದ ಮೇಲೆ ಮಧುರೆ ಹಳ್ಳಿಯ ನಮ್ಮ ಮಾವನವರು ಬೇಸಾಯ ಕಡಿಮೆ ಮಾಡಿ, ನೆಂಟರಿಷ್ಟರ ಹೆಣ್ಣುಮಕ್ಕಳಿಗೆ ಗಂಡು ಹುಡುಕಿಕೊಡುವ ಪುಣ್ಯಕಾರ್ಯ ಹಿಡಿದರು. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟ ಮಹಾಪಂಡಿತ ನಾನೇ! ಒಬ್ಬೊಬ್ಬ ಗಂಡಿಗೂ ಒಂದೊಂದು ಪುಟ, ಒಂದೊಂದು ವೆಬ್ ವಿಳಾಸ. ಮೊದಲ ಗಂಡು ಅವರ ಮಗ, ಅಂದರೆ ನನ್ನ ಬಾಮೈದ ಮಂಜುನಾಥ. ಸಮೇತನಹಳ್ಳಿಯ ಹುಡುಗಿಯೊಬ್ಬಳನ್ನು ಅವನು ಆಗಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದ.

ಪರದೆಯ ಮೇಲೆ ‘ಗಂಡು?1’ ಎಂಬ ವಿಳಾಸ ನೋಡಿದ ಮಾವ ಮುಖ ಕಿವುಚಿದರು.

"ಅಳಿಯಂದ್ರೇ, ಇದೇನು? ‘ಗಂಡು’ ಅಂತ ಬರ್ದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀರಾ? ಇದನ್ನ ನೋಡಿದ್ರೆ ಯಾರು ಹೆಣ್ಣು ಕೊಡ್ತಾರೆ?"

ನ್ಯಾಯವಾದ ಮಾತು! ಅಂದೇ ಪ್ರಶ್ನೆ, ಸಂಖ್ಯೆ ಎಲ್ಲ ಕಿತ್ತುಹಾಕಿ, ‘ಗಂಡು/ಮಂಜುನಾಥ’ ಎಂದು ಚೊಕ್ಕವಾಗಿ ಬರುವಂತೆ ಹೊಸ ನಿಯಮಗಳನ್ನು ಬರೆದೆ. ಯಾವ ವಿಳಾಸ ಒತ್ತಿದರೆ ಯಾವ ಪುಟ ತೆರೆಯಬೇಕು ಎಂದು ಹೇಳುವ ನಿಯಮಗಳು. ಕೊನೆಯಲ್ಲಿ ನನ್ನ ಔದಾರ್ಯ ಉಕ್ಕಿತು. ಯಾರಾದರೂ ವಿಳಾಸ ತಪ್ಪಿ ಬಂದರೆ ಬಾಗಿಲಿಂದಲೇ ವಾಪಸ್ ಕಳಿಸುವುದುಂಟೆ? ‘ವಿಳಾಸ ಏನೇ ಇರಲಿ, ಮಾದರಿ ಪುಟ ತೋರಿಸು’ ಎಂದು ಇನ್ನೊಂದು ನಿಯಮ ಬರೆದು, ಎಲ್ಲಕ್ಕಿಂತ ಮೇಲೆ ಕೂರಿಸಿದೆ. ಪುಟ ಹೇಗಿರುತ್ತದೆಂದು ಮಾವನವರಿಗೆ ತೋರಿಸಲು ಮಾಡಿದ್ದ ಆ ಮಾದರಿ ಪುಟದಲ್ಲಿ ಇದ್ದದ್ದು ನನ್ನದೇ ಫೋಟೊ, ನನ್ನದೇ ವಯಸ್ಸು. ಹೆಸರಿನ ಜಾಗ ಮಾತ್ರ ಖಾಲಿ.

ಪರೀಕ್ಷಿಸಿ ನೋಡುವ ಅಗತ್ಯ ನನ್ನಂಥ ಅನುಭವಿಗೆ ಕಾಣಲಿಲ್ಲ. ವಿಳಾಸಗಳನ್ನು ಹೆಣ್ಣಿನ ಕಡೆಯವರ ಮೊಬೈಲಿಗೆ ಕಳಿಸಿಬಿಟ್ಟೆ.

ಹದಿನೈದು ದಿನದಲ್ಲಿ ಹನ್ನೊಂದು ಮನೆಯವರು ಹನ್ನೊಂದು ಗಂಡುಗಳನ್ನು ನೋಡಿದರು. ಹನ್ನೊಂದು ಮನೆಯವರೂ ಬೇಡವೆಂದರು! ಸಮೇತನಹಳ್ಳಿಯವರು "ಹುಡುಗನಿಗೆ ವಯಸ್ಸು ಜಾಸ್ತಿ ಆಯ್ತು" ಎಂದರು. ಇಪ್ಪತ್ತಾರರ ಮಂಜ ಊಟ ಬಿಟ್ಟ. ಅವನನ್ನು ಎದುರಿಗೆ ಕೂರಿಸಿಕೊಂಡು, ದಿನಾ ಶೇವ್ ಮಾಡಿಕೋ ಎಂದು ನಾನೇ ಬುದ್ಧಿ ಹೇಳಿದೆ.

ಕೊನೆಗೆ ನನ್ನ ಹೆಂಡತಿ ಸವಿತ ತಮ್ಮನ ವಿಳಾಸ ಒತ್ತಿ ನೋಡಿದಳು.

"ರೀ, ಇಲ್ಲಿ ಬನ್ನಿ. ನೀವ್ಯಾವಾಗ್ರೀ ಮದ್ವೆಗೆ ನಿಂತಿದ್ದು?"

ಇನ್ನೊಬ್ಬ ಗಂಡಿನ ವಿಳಾಸ ಒತ್ತಿದಳು. ನಾನೇ! ಮತ್ತೊಬ್ಬ. ಬೋಳುತಲೆ ಸಮೇತ ನಾನೇ!

ಆಗ ಹೊಳೆಯಿತು. ಕಂಪ್ಯೂಟರ್ ನಿಯಮಗಳನ್ನು ಮೇಲಿನಿಂದ ಓದುತ್ತದೆ. ವಿಳಾಸಕ್ಕೆ ಮೊದಲು ಹೊಂದಿಕೆಯಾದ ನಿಯಮಕ್ಕೇ ತೃಪ್ತಿಪಟ್ಟು ನಿಂತುಬಿಡುತ್ತದೆ. ಮೇಲೆ ಕೂತಿದ್ದ ನನ್ನ ‘ಏನೇ ಇರಲಿ’ ಎಲ್ಲ ವಿಳಾಸಕ್ಕೂ ಹೊಂದುತ್ತಿತ್ತು. ಕೆಳಗಿದ್ದ ಗಂಡುಗಳವರೆಗೆ ಅದು ಇಳಿದೇ ಇರಲಿಲ್ಲ! ಆ ಒಂದು ಸಾಲನ್ನು ತಳಕ್ಕೆ ಹಾಕಿ, ಎಲ್ಲರಿಗೂ ಕ್ಷಮೆ ಕೇಳಿ ವಿಳಾಸ ಮತ್ತೆ ಕಳಿಸಿದೆ.

ಸಂಜೆಯೇ ಸಮೇತನಹಳ್ಳಿಯ ಹುಡುಗಿಯ ತಂದೆ ಮಾವನವರಿಗೆ ಫೋನ್ ಮಾಡಿದರು. "ಗೌಡ್ರೇ, ಈ ಹುಡ್ಗ ನಮ್ಗೆ ಒಪ್ಗೆ. ಭಾನುವಾರ ಬಂದ್ಬಿಡಿ. ಮೊದ್ಲು ಆ ಫೋಟೊ ನೋಡಿದ್ವಲ್ಲ, ಅದಾದ್ಮೇಲೆ ಇವ್ನು ರಾಜಕುಮಾರನ ಹಂಗೆ ಕಾಣ್ತಾನೆ!"

ಮಂಜ ಖುಷಿಯಿಂದ ನನ್ನ ಕಾಲಿಗೇ ಬಿದ್ದ. ಸವಿತ ಮಾತ್ರ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

"ಯಾಕೆ, ನಿನಗೆ ಖುಷಿಯಿಲ್ವಾ?" ಎಂದೆ.

"ಅದಲ್ಲ ರೀ. ಹನ್ನೊಂದು ಮನೆಯವ್ರು ಬೇಡ ಅಂದ ಗಂಡನ್ನ ನಾನೊಬ್ಳು ಒಪ್ಕೊಂಡ್ಬಿಟ್ನಲ್ಲ!"