ಪರದೆಯ ಮುಂದೆ ಕ್ಷಮಾಪಣೆ

ನನ್ನ ಹೆಂಡತಿಯನ್ನು ನಾನು ಮೊದಲು ಕಂಡದ್ದು ಶಾಲೆಯ ಪ್ರವಾಸವೊಂದರಲ್ಲಿ. ಚಿತ್ರಕಲೆಯ ಶಿಕ್ಷಕಿಯಾಗಿ ಆಗಷ್ಟೇ ನಮ್ಮ ಶಾಲೆಗೆ ಬಂದಿದ್ದಳು. ಮಕ್ಕಳ ಸಾಲು ಗುಡ್ಡ ದಾಟಿ ಹೋಗಿಯಾಗಿತ್ತು. ಈಕೆ ಮಾತ್ರ ಒಂದು ಮರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಪ್ರವಾಸದ ಉಸ್ತುವಾರಿ ನನ್ನದು. "ಮೇಡಂ, ಎಲ್ಲರೂ ಮುಂದೆ ಹೋದರು!" ಎಂದು ಗಂಭೀರವಾಗಿ ಎಚ್ಚರಿಸಿದೆ.

"ಹೋಗ್ಲಿ ಬಿಡಿ ಸಾರ್, ಹಕ್ಕಿ ಹೋಗ್ಲಿಲ್ಲವಲ್ಲ," ಎಂದಳು, ಕೊಂಬೆಯಿಂದ ಕಣ್ಣು ತೆಗೆಯದೆ.

ಇಂಥವಳನ್ನು ಮದುವೆಯಾದವನು ನಾನು. ಆದರೂ ಹೆಮ್ಮೆಯಿಂದ ಹೇಳುತ್ತೇನೆ, ನಿವೃತ್ತನಾಗುವವರೆಗೆ ಯಾವ ಪ್ರವಾಸದಲ್ಲೂ ಒಂದು ಮಗುವನ್ನೂ ಕಳೆದುಕೊಂಡು ಬಂದವನಲ್ಲ! ಇದರ ಗುಟ್ಟು ಹಾಜರಿ. ಬಸ್ಸು ಹೊರಡುವ ಮುನ್ನ ಹಾಜರಿ, ನಿಂತ ಮೇಲೆ ಹಾಜರಿ, ಊಟಕ್ಕೆ ಕುಳಿತರೆ ಹಾಜರಿ. ಒಬ್ಬನ ಹಾಜರಿಯನ್ನು ಇನ್ನೊಬ್ಬ ಕೂಗಿ ನನ್ನಿಂದ ತಪ್ಪಿಸಿಕೊಂಡದ್ದಿಲ್ಲ. ದನಿ ಕೇಳಿದರೆ ಸಾಕು, ಹುಡುಗ ಯಾರು, ಅವನಿಗೆ ನೆಗಡಿ ಆಗಿದೆಯೇ ಇಲ್ಲವೇ ಎಂದು ಹೇಳಬಲ್ಲವನು ನಾನು!

ಆದ್ದರಿಂದಲೇ ಮಗಳು ಮತ್ತು ಅಳಿಯ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು, ನದೀಕಣಿವೆಯಲ್ಲಿ ಸುತ್ತಾಡಿ ಬರೋಣವೆಂದಾಗ ನಾನು ಎದೆಯುಬ್ಬಿಸಿ ಸಾರಿದೆ: "ಈ ಪ್ರವಾಸದ ಮುಖ್ಯೋಪಾಧ್ಯಾಯ ನಾನು!"

"ಹಾಗಾದ್ರೆ ಗಾಡಿ ಓಡಿಸೋರು ಯಾರು ಮಾವ?" ಎಂದ ಅಳಿಯ.

"ಅದು ನೀವೇ. ಮುಖ್ಯೋಪಾಧ್ಯಾಯರು ಎಲ್ಲಾದರೂ ಗಾಡಿ ಓಡಿಸುತ್ತಾರೆಯೇ?"

ಗಾಡಿಯೆಂದರೆ ಗಾಡಿಯೇ ಅದು! ಚಕ್ರಗಳ ಮೇಲೆ ನಿಂತ ಒಂದು ಮನೆ. ಒಲೆ, ಪುಟ್ಟ ಫ್ರಿಜ್ಜು, ಮಡಚಿಡುವ ಮೇಜು, ಒಬ್ಬರು ಒಳಗೆ ಹೋದರೆ ಮೊಣಕೈ ಹೊರಗೆ ಉಳಿಯುವಂಥ ಸ್ನಾನದ ಕೋಣೆ. ತೀರಾ ಹಿಂದೆ ಒಂದು ಹಾಸಿಗೆ, ಅದರ ಮಗ್ಗುಲಲ್ಲಿ ಹಿಂದಿನ ಬಾಗಿಲು, ಎರಡಕ್ಕೂ ಅಡ್ಡ ಒಂದು ನೀಲಿ ಪರದೆ. ಪರದೆಯ ಹಿಂದಿನ ಸಾಮ್ರಾಜ್ಯ ನನ್ನ ಹೆಂಡತಿಯದು ಮತ್ತು ಮೊಮ್ಮಗಳು ಗುಬ್ಬಿಯದು. ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆಂದು ಗಾಡಿ ಹೊರಟೊಡನೆ ಆಕೆ ಪರದೆ ಎಳೆದು ಮಲಗಿಬಿಡುವಳು.

ಕಣಿವೆಯ ಚೆಲುವನ್ನು ಏನೆಂದು ಹೇಳಲಿ! ಎರಡೂ ಕಡೆ ಹಸಿರು ಬೆಟ್ಟ, ನಡುವೆ ತಿಳಿನೀರು, ನೀರಿನ ಮೇಲೆ ಬೆಳಗಿನ ಮಂಜು. ಅಂಥದ್ದೊಂದು ಬೆಳಿಗ್ಗೆ, ಗಾಡಿಗಳು ರಾತ್ರಿ ತಂಗುವ ಬಿಡಾರದ ಮೈದಾನದಲ್ಲಿ, ನಾನು ಸ್ನಾನದ ಕೋಣೆಯಲ್ಲಿ ಹಾಡು ಗುನುಗುತ್ತ ಗಡ್ಡ ಬೋಳಿಸಿಕೊಂಡೆ. ನಲ್ಲಿಯನ್ನು ತೆರೆದಿಟ್ಟೇ ಬೋಳಿಸಿಕೊಂಡೆ. ಕಿಟಕಿಯಾಚೆ ನದಿಯನ್ನು ನೋಡುತ್ತ, ಗಾಡಿಯ ತೊಟ್ಟಿಯಲ್ಲಿರುವ ನೀರು ಇಷ್ಟೇ ಎಂಬುದೇ ನೆನಪಾಗಲಿಲ್ಲ.

ಆಮೇಲೆ ಸ್ನಾನದ ಕೋಣೆಗೆ ಹೋದ ಹೆಂಡತಿ ಕೂಗಿದಳು. "ರೀ! ನೀರು ನಿಂತೋಯ್ತು! ಮುಖದ ತುಂಬಾ ಸೋಪಿದೆ!"

"ನೀನೇ ನಿನ್ನೆ ಪಾತ್ರೆ ತೊಳೆಯುವಾಗ ಖಾಲಿ ಮಾಡಿರಬೇಕು."

"ನಾನಾ? ಈಗ ಅರ್ಧ ಗಂಟೆಯಿಂದ ಒಳಗೆ ಜಲಪಾತ ಹರೀತಿತ್ತು, ಅದು ಯಾರದ್ದು?"

ಇಲ್ಲಿ ತಪ್ಪೊಪ್ಪಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮುಖ್ಯೋಪಾಧ್ಯಾಯನ ಗತ್ತು ಬಿಡಲಿಲ್ಲ. "ಎದುರಿಗೇ ನದಿ ಹರಿಯುತ್ತಿದೆ. ಹೋಗಿ ತೊಳೆದುಕೊಳ್ಳಬಾರದೆ?" ಎಂದುಬಿಟ್ಟೆ.

ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನನ್ನನ್ನು ಸುಡುವಂತೆ ನೋಡಿ ಆಕೆ ಪರದೆಯ ಹಿಂದೆ ಹೋದಳು. ನಾನು ಮುಂದಿನ ಆಸನದಲ್ಲಿ ಅಳಿಯನ ಪಕ್ಕಕ್ಕೆ ಕುಳಿತೆ. ಗಾಡಿ ಗುರುಗುಟ್ಟಿತು. ಪದ್ಧತಿಯಂತೆ ಹಾಜರಿ ಆರಂಭಿಸಿದೆ.

"ಅಳಿಯಂದಿರು?" "ಇದ್ದೀನಿ ಮಾವ." "ಮಗಳು?" "ಇದ್ದೀನಪ್ಪ, ಹೊರಡಿ." "ಗುಬ್ಬಿ?" ಪರದೆಯ ಹಿಂದಿನಿಂದ, "ಹಾಜರ್!" "ಅಜ್ಜಿ?"

ಹಾಸಿಗೆ ಕಿರುಗುಟ್ಟಿತು. ಬಳಿಕ ದಪ್ಪನೆಯ, ಬಿಗಿದುಕೊಂಡ ದನಿ: "ಹಾಜರ್."

"ಕೋಪ ಇನ್ನೂ ಇಳಿದಿಲ್ಲ," ಎಂದು ಅಳಿಯನಿಗೆ ಪಿಸುಗುಟ್ಟಿದೆ. ದನಿಯಲ್ಲೇ ಎಲ್ಲವನ್ನೂ ಅಳೆಯುವವನಲ್ಲವೇ ನಾನು!

ಗಾಡಿ ನದಿಯ ಮಗ್ಗುಲಲ್ಲೇ ಸಾಗಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು, ನಡುವೆ ನಾವು. ನಾನು ಕಣಿವೆಯನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಪರದೆಯಿಂದ ಒಂದು "ಹೂಂ" ಇಲ್ಲ. ಎಷ್ಟು ಹೊತ್ತು ತಡೆಯಲಿ? ಒಳಗೊಳಗೇ ಚುಚ್ಚತೊಡಗಿತು. ಎದ್ದು, ಕಂಬಿ ಹಿಡಿದು ತೂರಾಡುತ್ತ ಹಿಂದೆ ಹೋಗಿ, ಪರದೆಯ ಮುಂದೆ ನಿಂತೆ.

"ನೋಡು, ನಲ್ಲಿ ಬಿಟ್ಟವನು ನಾನೇ," ಎಂದೆ ಮೆಲ್ಲಗೆ.

ಉಸಿರಾಟ ಮಾತ್ರ ಕೇಳಿಸಿತು. ಅದು ನಿಟ್ಟುಸಿರೆಂದು ತಿಳಿದೆ.

"ನಿನ್ನೆಯ ಚಹಾಕ್ಕೆ ಉಪ್ಪು ಹಾಕಿದವನೂ ನಾನೇ. ಡಬ್ಬಿಗಳನ್ನು ನೀನು ಅದಲುಬದಲು ಮಾಡಿದ್ದೀಯ ಎಂದು ಕೂಗಾಡಿದ್ದು ತಪ್ಪು."

ಗಾಡಿ ತಿರುವಿನಲ್ಲಿ ವಾಲಿತು; ಕಂಬಿಗೆ ಜೋತುಬಿದ್ದು ಮುಂದುವರಿಸಿದೆ.

"ಗಾಡಿ ಹಿಂದೆ ತೆಗೆಯುವಾಗ 'ಬರಲಿ, ಬರಲಿ' ಎಂದು ಕರೆದು ಮರಕ್ಕೆ ಗುದ್ದಿಸಿದವನು ನಾನೇ. ಅಳಿಯಂದಿರದ್ದು ಏನೂ ತಪ್ಪಿರಲಿಲ್ಲ!"

ಮುಂದಿನಿಂದ ಅಳಿಯನ ದನಿ ಕೇಳಿತು. "ಹಾಗೆ ಹೇಳಿ ಮಾವ! ಇನ್ನೂ ಸ್ವಲ್ಪ ಜೋರಾಗಿ!"

"ಅಪ್ಪ, ನಿಲ್ಲಿಸ್ಬೇಡಿ, ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೀನಿ!" ಎಂದಳು ಮಗಳು.

ಮಾನ ಹೋದ ಮೇಲೆ ಇನ್ನೇನು! "ಇಂದಿನಿಂದ ಪಾತ್ರೆ ನಾನೇ ತೊಳೆಯುತ್ತೇನೆ. ಮುಖ್ಯೋಪಾಧ್ಯಾಯ ಪದವಿಗೆ ರಾಜೀನಾಮೆಯನ್ನೂ ಕೊಟ್ಟಿದ್ದೇನೆ. ಇನ್ನಾದರೂ ಒಂದು ಮಾತಾಡು ಮಾರಾಯ್ತಿ!"

ಆಗ ಬಂತು ಉತ್ತರ. ಗೊರ್‌ರ್‌ರ್!

ನನ್ನ ಹೆಂಡತಿಗೆ ಗೊರಕೆಯಿಲ್ಲ; ನಮ್ಮ ಮನೆಯಲ್ಲಿ ಆ ಖಾತೆ ನನ್ನದು. ಪರದೆ ಸರಿಸಿದೆ. ಅಜ್ಜಿಯ ಶಾಲು ಹೊದ್ದು, ಬಾಯಿ ತೆರೆದು, ಗುಬ್ಬಿಯೊಬ್ಬಳೇ ಮಲಗಿದ್ದಳು!

"ಗುಬ್ಬಿ! ಅಜ್ಜಿ ಎಲ್ಲಿ?"

ಕಣ್ಣುಜ್ಜಿಕೊಂಡಳು. "ಅಜ್ಜಿ ಹಿಂದಿನ ಬಾಗಿಲಿಂದ ನದಿಗೆ ಹೋದ್ರು, ಮುಖ ತೊಳ್ಕೊಳ್ಳೋಕೆ. 'ಈಗ ಬಂದೆ, ಅಜ್ಜ ಕೂಗಿದ್ರೆ ನನ್ನ ಹಾಜರಿ ಹೇಳ್ಬಿಡು' ಅಂದ್ರು. ಹೇಳ್ದೆ. ಚೆನ್ನಾಗಿ ಹೇಳಿದ್ನಾ ಅಜ್ಜ?"

"ಗಾಡಿ ತಿರುಗಿಸಿ!" ಎಂದು ಚೀರಿದೆ.

"ಇಲ್ಲಿ ಸೈಕಲ್ಲೂ ತಿರುಗಲ್ಲ ಮಾವ! ಮುಂದಿನ ಸೇತುವೆವರೆಗೂ ಹೋಗ್ಲೇಬೇಕು!"

"ಬಿಡಾರಕ್ಕೆ ಫೋನ್ ಮಾಡು!" ಎಂದರೆ ಮಗಳ ಫೋನಿಗೆ ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಇಲ್ಲ. ಹೆಂಡತಿಯ ಫೋನು ದಿಂಬಿನ ಕೆಳಗೆ ಹಾಯಾಗಿ ಮಲಗಿತ್ತು.

ನಗುವವರು ಯಾರೂ ಇರಲಿಲ್ಲ ಈಗ. ಅಷ್ಟು ಹೊತ್ತು ನಾನು ಹೊಗಳಿದ ಅದೇ ನದಿ ಕಿಟಕಿಯಾಚೆ ಭೋರೆನ್ನುತ್ತಿತ್ತು. ದಡದ ಕಲ್ಲುಗಳು ಎಷ್ಟು ಜಾರುತ್ತವೆಂದು ನನಗೆ ಗೊತ್ತಿತ್ತು. ಕಣ್ಣಿಗೆ ಸೋಪು, ಕಾಲ ಕೆಳಗೆ ಪಾಚಿ. ಹೋಗೆಂದವನು ನಾನು! ಸೇತುವೆ ಬಂದು, ಗಾಡಿ ತಿರುಗಿ, ಮತ್ತೆ ಅದೇ ದಾರಿ ಹಿಡಿಯುವವರೆಗೆ ನಾನು ಆಕೆಯ ಶಾಲನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಗುಬ್ಬಿ ನನ್ನ ತೋಳು ಹಿಡಿದು ಕುಳಿತಳು. "ಅಜ್ಜ, ಇನ್ಮೇಲೆ ಯಾರ ಹಾಜರಿನೂ ಹೇಳಲ್ಲ," ಎಂದಳು. ಆ ಮಗುವನ್ನು ಏನೆಂದು ಗದರಿಸಲಿ?

ಮೈದಾನ ತಲುಪಿದಾಗ ಗಾಡಿ ನಿಲ್ಲುವ ಮೊದಲೇ ಹಾರಿದೆ. ದಡಕ್ಕೆ ಓಡಿದೆ. ಕಲ್ಲುಗಳ ಮೇಲೆ ಯಾರೂ ಇಲ್ಲ! ಹೆಸರು ಹಿಡಿದು ಕೂಗಿದೆ. ಮದುವೆಯಾದಂದಿನಿಂದ "ಏ, ಇಲ್ಲಿ ಕೇಳು" ಎಂದಷ್ಟೇ ಕರೆದು ಅಭ್ಯಾಸ. ಹೆಸರು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು.

"ಯಾರದು, ನನ್ನ ಹೆಸರು ಹಿಡಿದು ಕೂಗ್ತಿರೋದು?"

ತಿರುಗಿ ನೋಡುತ್ತೇನೆ, ಹಳದಿ ಬಣ್ಣದ ಇನ್ನೊಂದು ಕ್ಯಾರವಾನಿನ ನೆರಳಲ್ಲಿ ಮಡಚುವ ಕುರ್ಚಿಗಳು. ಕುರ್ಚಿಗಳಲ್ಲಿ ನನ್ನ ವಯಸ್ಸಿನ ಮೂವರು ಹೆಂಗಸರು. ಅವರ ನಡುವೆ, ಯಾರದ್ದೋ ದೊಡ್ಡ ಟೋಪಿ ಧರಿಸಿ, ಕೈಯಲ್ಲಿ ಇಸ್ಪೀಟು ಎಲೆ ಹಿಡಿದು, ಬ್ರೆಡ್ಡು ಜಾಮು ಮೆಲ್ಲುತ್ತ ನನ್ನ ಧರ್ಮಪತ್ನಿ!

"ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ? ಆಟ ಅರ್ಧಕ್ಕಿದೆ ರೀ!"

ಮುಖ ತೊಳೆದು ಏಳುವಷ್ಟರಲ್ಲಿ ನೀಲಿ ಮಿಂಚುಳ್ಳಿ ಹಕ್ಕಿ ಕಂಡಿತಂತೆ. ಅದರ ಹಿಂದೆ ದಡದುದ್ದ ನಡೆದಳಂತೆ. ವಾಪಸಾದಾಗ ಗಾಡಿಯ ಜಾಗದಲ್ಲಿ ಚಕ್ರದ ಗುರುತು ಮಾತ್ರ ಇತ್ತಂತೆ. ಈ ಮೂವರು, ಒಬ್ಬರು ನಿವೃತ್ತ ನರ್ಸು, ಒಬ್ಬರು ದರ್ಜಿ, ಇನ್ನೊಬ್ಬರು ಬಸ್ಸು ಓಡಿಸಿದವರು, ಕರೆದು ಕೂರಿಸಿದರಂತೆ.

ನನಗೆ ಕಣ್ಣು ಒದ್ದೆಯಾಯಿತು. ಮಗಳಿಗೆ ಅದೆಲ್ಲ ಎಲ್ಲಿ ಕಾಣಬೇಕು? "ಅಮ್ಮ, ಅಪ್ಪ ಪರದೆ ಹತ್ರ ಎಲ್ಲಾ ತಪ್ಪೂ ಒಪ್ಕೊಂಡ್ರು! ಕೇಳಿಸ್ಲಾ?" ಎಂದು ಫೋನು ತೆಗೆದಳು.

"ಫೋನ್ ಯಾಕೆ? ಖುದ್ದು ಬಂದಿದ್ದಾರಲ್ಲ," ಎಂದಳು ಹೆಂಡತಿ, ಎಲೆಗಳನ್ನು ಮಗುಚಿಟ್ಟು. "ಹೇಳಿ ಮಾಸ್ಟ್ರೇ, ಮೊದಲಿಂದ."

ನಿಂತು ಹೇಳಿದೆ. ನಲ್ಲಿ, ಉಪ್ಪು, ಮರ, ಪಾತ್ರೆ, ರಾಜೀನಾಮೆ, ಒಂದನ್ನೂ ಬಿಡಲಿಲ್ಲ. ನರ್ಸಮ್ಮ ಚಪ್ಪಾಳೆ ತಟ್ಟಿದರು. ದರ್ಜಿಯಮ್ಮ "ಉಪ್ಪಿಂದು ಇನ್ನೊಂದ್ಸಲ ಹೇಳಿ," ಎಂದರು.

ಆಟ ಮುಗಿಯುವವರೆಗೆ ನಾವೆಲ್ಲ ಹುಲ್ಲಿನ ಮೇಲೆ ಕುಳಿತು ಕಾದೆವು. ಗೆದ್ದವಳು ಆಕೆಯೇ.

ಈಗ ನಮ್ಮ ಮನೆಯ ಮುಂದೆ ಆ ಹಳದಿ ಗಾಡಿ ಆಗಾಗ ಬಂದು ಹಾರ್ನ್ ಹೊಡೆಯುತ್ತದೆ. ಆಕೆ ಟೋಪಿ, ಬಣ್ಣದ ಪೆಟ್ಟಿಗೆ ಹಿಡಿದು ಹತ್ತುತ್ತಾಳೆ. ಮುಂದಿನ ಆಸನವಂತೆ, ತಿರುವಿನಲ್ಲಿ ಹೊಟ್ಟೆಯೂ ತೊಳಸುವುದಿಲ್ಲವಂತೆ! "ನಾನೂ ಬರಲೇ?" ಎಂದು ಕೇಳಿದೆ. "ಗಂಡಸರನ್ನ ಸೇರಿಸ್ಕೊಳ್ಳಲ್ಲ ರೀ. ಆದ್ರೂ ಕೇಳಿ ನೋಡ್ತೀನಿ," ಎಂದಿದ್ದಾಳೆ. ಇನ್ನೂ ಕೇಳುತ್ತಲೇ ಇದ್ದಾಳೆ.

ಈ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಫೋನು ಬಂತು. ಹಿಂದೆ ನದಿಯ ಸದ್ದು, ಹೆಂಗಸರ ನಗು.

"ಎಲ್ಲಿದ್ದೀಯೇ?" ಎಂದೆ.

"ನೀವು ಬಿಟ್ಟು ಹೋಗಿದ್ರಲ್ಲ, ಅಲ್ಲೇ!"