ಬಾಸ್‌ಗೆಂದು ಕರಿದ ತೋಫು ಬೋಂಡಾ

ನಮ್ಮನೆಗೆ ಯಾರಾದರೂ ದೊಡ್ಡವರು ಊಟಕ್ಕೆ ಬರುತ್ತಾರೆ ಅಂದರೆ ಏನಾದರೊಂದು ಎಡವಟ್ಟು ನಡೆದೇ ತೀರುತ್ತದೆ. ಬರುವವರು ನನ್ನ ಗಂಡನ ಕಡೆಯವರು, ಎಡವಟ್ಟು ಮಾತ್ರ ಯಾವಾಗಲೂ ನನ್ನ ಪಾಲಿಗೆ.

ತೂಕ

ಇವರು ನೈರೋಬಿಯ ಒಂದು ಟೆಲಿಕಾಂ ಕಂಪನಿಯಲ್ಲಿದ್ದಾರೆ. ನಾನು ಮೈಸೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು. ಸಂಬಳವಿಲ್ಲದ ಮೂರು ವರ್ಷದ ರಜೆ ಹಾಕಿ ಇವರ ಹಿಂದೆ ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಗೆ ಬಂದೆ. ನನ್ನ ರಜೆ ಮುಗಿಯುವ ಹೊತ್ತಿಗೇ ಇವರ ಕಾಂಟ್ರಾಕ್ಟೂ ಮುಗಿಯುವುದರಲ್ಲಿತ್ತು. ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ತುಂಬಲು ಶುರು ಮಾಡಿದ್ದೆ. ಅಷ್ಟರಲ್ಲಿ ಆಫೀಸಿಗೆ ಜಪಾನಿ ಹೆಸರಿನ ಹೊಸ ಬಾಸ್ ಬಂದರು.

"ಮೂರು ವಾರ ಬಿಟ್ಟು ಶನಿವಾರ ಮಧ್ಯಾಹ್ನ ಅವರನ್ನ ಊಟಕ್ಕೆ ಕರೆದಿದ್ದೀನಿ," ಅಂದರು ಇವರು. "ವೆಜಿಟೇರಿಯನ್ ಅಂತೆ. ಜಪಾನಿಂದೇ ಏನಾದ್ರೂ ಮಾಡು. ಕಾಂಟ್ರಾಕ್ಟ್ ಅವರ ಕೈಯಲ್ಲಿದೆ."

ಏನು ಮಾಡಬೇಕೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ತೆಗೆದವರೂ ಇವರೇ. ಗನ್ಮೊಡೋಕಿ. ತೋಫು ಹಿಂಡಿ, ಕ್ಯಾರೆಟ್, ಅಣಬೆ, ಎಳ್ಳು ಸೇರಿಸಿ, ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿಯುವುದು. ನಮ್ಮ ಭಾಷೆಯಲ್ಲಿ ಬೋಂಡಾ.

ಮೊದಲ ಕೆಲಸ, ತೋಫುವಿನ ಮೇಲೆ ಭಾರ ಹೇರಿ ಒಂದು ಗಂಟೆ ನೀರು ಇಳಿಸಬೇಕು. ಅಡುಗೆಮನೆಯಲ್ಲಿ ಭಾರದ್ದು ಏನೂ ಸಿಗಲಿಲ್ಲ. ಕಪಾಟಿನಿಂದ ನನ್ನ ಪಿಎಚ್‌ಡಿ ಪ್ರಬಂಧ ತಂದು, ಪ್ಲಾಸ್ಟಿಕ್ ಸುತ್ತಿ, ತೋಫುವಿನ ಮೇಲಿಟ್ಟೆ. ಇವರು ಬಂದು ಅದನ್ನೊಮ್ಮೆ ಕೈಯಲ್ಲಿ ಎತ್ತಿ ನೋಡಿದರು.

"ಪರವಾಗಿಲ್ವೇ, ಒಳ್ಳೇ ತೂಕ ಇದೆ!"

ಐದು ವರ್ಷ ಕೂತು ಬರೆದ ಆ ಪ್ರಬಂಧದ ಬಗ್ಗೆ ನನ್ನ ಗಂಡನ ಬಾಯಿಂದ ಬಂದ ಮೊದಲ ಅಭಿಪ್ರಾಯ ಅದು.

ಅಂಟು

ಮೊದಲ ಉಂಡೆಗಳು ಎಣ್ಣೆಗೆ ಬಿದ್ದ ಕೂಡಲೇ ಬಿಚ್ಚಿಕೊಂಡು ಪುಡಿಪುಡಿಯಾದವು. ಅಂಟಿಗೆ ಜಪಾನಿನ ಯಾವುದೋ ಲೋಳೆ ಗೆಡ್ಡೆ ತುರಿದು ಹಾಕಬೇಕಿತ್ತು. ಅದು ಇಲ್ಲೆಲ್ಲಿ ಸಿಗಬೇಕು? ನಮ್ಮ ಮನೆಗೆಲಸದಾಕೆ, "ಮಾಮಾ, ನ್ಡುಮಾ ಹಾಕಿ ನೋಡಿ," ಅಂದಳು. ಇಲ್ಲಿ ಮಾಮಾ ಅಂದರೆ ಅಮ್ಮಾವ್ರು, ನ್ಡುಮಾ ಅಂದರೆ ಕೆಸುವಿನ ಗೆಡ್ಡೆ. ಅವಳು ಹೇಳಿದ್ದು ಬೇಯಿಸಿ ಹಾಕಲು. ಅದನ್ನು ಪೂರ್ತಿ ಕೇಳಿಸಿಕೊಳ್ಳದೆ ಹಸಿ ಗೆಡ್ಡೆಯನ್ನೇ ಬರಿಗೈಯಲ್ಲಿ ತುರಿದವಳು ಕೆಮಿಸ್ಟ್ರಿ ಡಾಕ್ಟರ್.

ಐದೇ ನಿಮಿಷದಲ್ಲಿ ಮೊಣಕೈವರೆಗೂ ತುರಿಕೆ. ಅವಳು "ಪೋಲೆ, ಪೋಲೆ," ಅಂತ ಪಾಪ ಮರುಗುತ್ತಾ ನನ್ನ ಕೈಗೆ ನಿಂಬೆಹಣ್ಣು ತಿಕ್ಕುತ್ತಿದ್ದಳು. ಆಗಲೇ ಇವರ ವಿಡಿಯೋ ಕಾಲ್. ಕೆಂಪಗೆ ಊದಿದ ಎರಡೂ ಕೈ ಎತ್ತಿ ತೋರಿಸಿ ನಡೆದದ್ದು ಹೇಳಿದೆ. ಇವರ ಮುಖ ಸಣ್ಣಗಾಯಿತು. ನನ್ನ ನೋವು ಇವರಿಗೂ ತಟ್ಟಿತು ಅಂದುಕೊಂಡೆ.

"ಅಯ್ಯೋ," ಅಂದರು. "ಬಾಸ್‌ಗೆ ಗಂಟಲು ಕೆರೆಯಲ್ಲ ತಾನೇ?"

ಹೆಸರಿಗೆ ಮಾತ್ರ

ಬೇಯಿಸಿದ ನ್ಡುಮಾ ಹಾಕಿದ ಮೇಲೆ ಉಂಡೆ ನಿಂತಿತು. ನಾಲ್ಕು ಬೋಂಡಾ ತಟ್ಟೆಗೆ ಹಾಕಿಕೊಂಡು ಅದೇ ಕಾಂಪೌಂಡಿನ ಮಂಗಳೂರು ಆಂಟಿಯ ಮನೆಗೆ ಹೋದೆ. ಗನ್ಮೊಡೋಕಿ ಅಂದರೇನು ಅಂತ ಕೇಳಿದರು. "ಬಾತುಕೋಳಿಯ ಹಾಗಿರೋದು, ಆದರೆ ಬಾತುಕೋಳಿ ಅಲ್ಲ ಅಂತಂತೆ," ಅಂದೆ.

ಆಂಟಿ ಒಂದನ್ನು ಮುರಿದು ಒಳಗೆ ಇಣುಕಿದರು. "ಬಾತುಕೋಳಿ ಎಲ್ಲುಂಟು ಮಾರಾಯ್ತಿ? ಬರೀ ಕ್ಯಾರೆಟ್!"

"ಹೆಸರಿಗೆ ಮಾತ್ರ ಆಂಟಿ."

"ನಿನ್ನ ವೀಸಾದಲ್ಲಿ ಏನಂತ ಬರೆದಿದ್ದಾರೆ?"

"ಡಿಪೆಂಡೆಂಟ್ ಅಂತ."

"ಅದೂ ಹೆಸರಿಗೆ ಮಾತ್ರ," ಅಂದರು ಆಂಟಿ, ಎರಡನೆಯದಕ್ಕೆ ಕೈ ಹಾಕುತ್ತಾ. "ಊಟಕ್ಕೆ, ಬಟ್ಟೆಗೆ, ಈಗ ಬಾಸಿಗೂ ನಿನ್ನನ್ನೇ ನಂಬಿಕೊಂಡು ಕೂತಿರುವವನು ಅವನಲ್ಲವಾ?"

ಶನಿವಾರ

ಶನಿವಾರ ಬೆಳಿಗ್ಗೆ ಉಪ್ಪಿನ ಡಬ್ಬಿ ಹಿಡಿದು ಸುಮಾರು ಹೊತ್ತು ನಿಂತಿದ್ದೆ. ಒಂದು ಹಿಡಿ ಜಾಸ್ತಿ ಬಿದ್ದರೆ ಮೈಸೂರು, ನನ್ನ ಲ್ಯಾಬು, ನನ್ನ ಕ್ಲಾಸಿನ ಹುಡುಗಿಯರು. ಆದರೆ ಮೂರು ವಾರ ಒದ್ದಾಡಿ ಕಂಡುಕೊಂಡ ಹದವನ್ನು ಕೈಯಾರೆ ಕೆಡಿಸಲು ಮನಸ್ಸು ಬರಲಿಲ್ಲ. ಡಬ್ಬಿ ಮುಚ್ಚಿ, ಮೊದಲು ಸಣ್ಣ ಉರಿಯಲ್ಲಿ, ಆಮೇಲೆ ದೊಡ್ಡ ಉರಿಯಲ್ಲಿ, ಹನ್ನೆರಡು ಬೋಂಡಾ ಹೊಂಬಣ್ಣಕ್ಕೆ ಕರಿದೆ.

ಬಾಸ್ ಬಂದರು. ಇವರು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ, "ಸರ್, ನಿಮ್ಮ ತಾಯ್ನಾಡಿನ ತಿಂಡಿ!" ಅಂದರು.

ಬಾಸ್ ತಟ್ಟೆ ನೋಡಿದರು, ಇವರನ್ನು ನೋಡಿದರು. "ಬ್ರೆಜಿಲ್‌ನಲ್ಲಿ ಇದನ್ನ ನಾನು ಯಾವತ್ತೂ ನೋಡಿಲ್ಲವಲ್ಲ?"

ಅವರ ತಾತ ಬ್ರೆಜಿಲ್‌ಗೆ ಹೋಗಿ ನೆಲೆಸಿದವರಂತೆ. ಬಾಸ್ ಜಪಾನ್ ಕಂಡದ್ದು ಒಂದೇ ಸಲ, ಏರ್‌ಪೋರ್ಟಿನಲ್ಲಿ ವಿಮಾನ ಬದಲಾಯಿಸುವಾಗ.

ನನ್ನ ಗಂಡ ಕಣ್ಣು ಮಿಟುಕಿಸದೆ ನನ್ನ ಕಡೆ ಕೈ ತೋರಿಸಿದರು. "ಎಲ್ಲ ಇವಳದೇ ಐಡಿಯಾ ಸರ್. ನಾನು ಬೇಡ ಅಂತಲೇ ಹೇಳಿದ್ದೆ."

ಬಾಸ್ ಮರ್ಯಾದೆಗೆ ಒಂದು ತಿಂದರು. ಆಮೇಲೆ ಸಂಕೋಚದಿಂದ, "ನಿಮ್ಮದು ಸೌತ್ ಇಂಡಿಯಾ ಅಂತ ಕೇಳಿ ಆಸೆಯಿಂದ ಬಂದಿದ್ದೆ," ಅಂದರು. ನನಗೆ ತಲೆಗೆ ರಕ್ತ ಏರಿತ್ತು. ಇವರ ಮಾನ ಇವತ್ತು ಪೂರ್ತಿ ಹೋಗಲಿ ಅಂತ, ನನಗೆಂದು ಕಲಸಿಟ್ಟುಕೊಂಡಿದ್ದ ಮೊಸರನ್ನವನ್ನು ಸೊಟ್ಟಗಾದ ಸ್ಟೀಲ್ ಡಬರಿಯ ಸಮೇತ ತಂದು ಟೇಬಲ್ ಮೇಲೆ ಕುಕ್ಕಿದೆ. ಜೊತೆಗೆ ಉಪ್ಪಿನಕಾಯಿ ಜಾಡಿ.

ಬಾಸ್ ಮೂರು ಸಲ ಬಡಿಸಿಕೊಂಡರು. ನಾಲ್ಕನೆಯ ಸಲ ಡಬರಿಯನ್ನೇ ಹತ್ತಿರಕ್ಕೆ ಎಳೆದುಕೊಂಡರು.

ಸೋಮವಾರ ಇವರು ಕುಣಿಯುತ್ತಾ ಮನೆಗೆ ಬಂದರು. ಕಾಂಟ್ರಾಕ್ಟ್ ಇನ್ನೂ ಮೂರು ವರ್ಷ. "ಎಲ್ಲಾ ನಿನ್ನ ಕೈರುಚಿ ಕಣೇ!" ನಾನು ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅತ್ತು ಬಂದೆ. ಕಾಲೇಜಿನಲ್ಲಿ ಇನ್ನು ಒಂದು ದಿನವೂ ರಜೆ ಕೊಡುವುದಿಲ್ಲ ಎಂದು ಮೊದಲೇ ಹೇಳಿದ್ದರು. ಆ ವಾರವೇ ರಾಜೀನಾಮೆ ಕಳಿಸಿದೆ.

ಪ್ರಿನ್ಸಿಪಾಲರು ಫೋನ್ ಮಾಡಿದರು. "ಮೇಡಂ, ಫಾರಂನಲ್ಲಿ ಕಾರಣದ ಜಾಗ ಖಾಲಿ ಬಿಟ್ಟಿದ್ದೀರಿ. ಹದಿನಾಲ್ಕು ವರ್ಷದ ಸರ್ವಿಸ್. ಏನಂತ ಬರ್ಕೊಳ್ಳಲಿ?"

"ಮೊಸರನ್ನ ಅಂತ ಬರ್ಕೊಳ್ಳಿ ಸಾರ್," ಅಂದೆ.